ಬಾಯಿ ನೋಡುತ್ತಿದ್ದ ಓಬಕ್ಕಜ್ಜಿ

ಕಳೆದ ತಿಂಗಳು ತಮ್ಮನ ಮಗಳ ನಾಮಕರಣಕ್ಕೆಂದು ಕೊಂಡ್ಲಹಳ್ಳಿಗೆ ಹೊರಟಿದ್ದೆ. ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತೆ. ಊರು ದಾಟುವಾಗ ಎಣ್ಣೆ ಮಿಲ್ಲಿನ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾ ಮೂಗಿಗೆ ಒತ್ತಿಕೊಂಡಳು. ನನಗೆ ಮಾತ್ರ ಕಣ್ಣು ತುಂಬಿತು. ಅದೇ ವಾಸನೆಯ ಒಂದು ಕಟ್ಟಡದಲ್ಲಿ ನಾನು ಒಂದು ವರ್ಷ ಕೆಲಸ ಮಾಡಿದ್ದೆ. ನರ್ಸ್ ಕೆಲಸದ ಇಪ್ಪತ್ತು ವರ್ಷಗಳಲ್ಲಿ ಕಲಿತದ್ದೆಲ್ಲ ಒಂದು ತೂಕವಾದರೆ, ಆ ವರ್ಷದ ಶ್ರಾವಣದಲ್ಲಿ ಕಲಿತದ್ದೇ ಒಂದು ತೂಕ.

ತಳಕು ದಾಟಿ ಒಂದಿಷ್ಟು ದೂರ ಹೋದರೆ ರಸ್ತೆಯ ಎಡಕ್ಕೆ ಆ ವೃದ್ಧಾಶ್ರಮ. ಮೊದಲು ಅದು ಶೇಂಗಾ ಚೀಲ ಒಟ್ಟುವ ಗೋಡೌನ್ ಆಗಿತ್ತಂತೆ. ಎಷ್ಟು ಸಲ ಸುಣ್ಣ ಬಳಿದರೂ ಮೋಡ ಮುಚ್ಚಿದ ದಿನ ಗೋಡೆಗಳು ತಮ್ಮ ಹಳೇ ಕಥೆ ತೆಗೆಯುತ್ತಿದ್ದವು. ಒಳಗೆಲ್ಲ ಹಿಂಡಿಯ ವಾಸನೆ. ದಾವಣಗೆರೆಯ ದೊಡ್ಡ ಆಸ್ಪತ್ರೆಯೊಂದರಲ್ಲಿದ್ದ ನಾನು ಅವ್ವನಿಗೆ ಹುಷಾರಿಲ್ಲವೆಂದು ಊರಿನ ಹತ್ತಿರ ಕೆಲಸ ಹುಡುಕಿಕೊಂಡು ಅಲ್ಲಿಗೆ ಬಂದಿದ್ದೆ. ಇಪ್ಪತ್ತೆರಡು ಮಂದಿ ಹಿರಿಯರು, ಇಬ್ಬರು ಆಯಾಗಳು, ಒಬ್ಬಳು ಅಡಿಗೆಯವಳು, ಒಬ್ಬಳು ಕಸ ಗುಡಿಸುವವಳು, ಎಲ್ಲದರ ಉಸ್ತುವಾರಿಗೆ ಒಬ್ಬ ರಿಟೈರ್ಡ್ ಮೇಷ್ಟ್ರು, ವಾರಕ್ಕೊಮ್ಮೆ ಚಳ್ಳಕೆರೆಯಿಂದ ಬಂದುಹೋಗುವ ಡಾಕ್ಟರು. ಇವರೆಲ್ಲರ ನಡುವೆ ನಾನೊಬ್ಬಳೇ ನರ್ಸ್. ಐಸಿಯು ನೋಡಿ ಬಂದವಳಿಗೆ ಇದೇನು ಮಹಾ ಎಂಬ ಜಂಬ ನನಗೆ ತುಸು ಜಾಸ್ತಿಯೇ ಇತ್ತು.

ತಿಂಗಳಿಗೊಮ್ಮೆ ಪ್ರತಿಯೊಬ್ಬರದೂ ಒಂದು ಫಾರಂ ತುಂಬಬೇಕು. ತೂಕ, ಬಿಪಿ, ಊಟ, ನಿದ್ದೆ, ನಡಿಗೆ, ಸ್ನಾನ, ಮಾತು, ನೆನಪು. ಕೊನೆಯಲ್ಲಿ ಒಂದು ಸಾಲು: ಹಿಂದಿನ ತಿಂಗಳಿಗೆ ಹೋಲಿಸಿದರೆ ಬದಲಾವಣೆ ಇದೆಯೇ, ಇಲ್ಲವೇ. ನಾನು ಸೇರುವ ಮುಂಚೆ ಈ ಕೆಲಸಕ್ಕೆ ಮೂರು ದಿನ ಹಿಡಿಯುತ್ತಿತ್ತು. ನಾನು ಬಂದ ಮೇಲೆ ಒಂದೇ ಬೆಳಿಗ್ಗೆ. ಊಟದ ಗಂಟೆ ಹೊಡೆಯುವುದರೊಳಗೆ ಇಪ್ಪತ್ತೆರಡೂ ಫಾರಂ ಮೇಷ್ಟ್ರ ಮೇಜಿನ ಮೇಲೆ. "ಸಿಸ್ಟರ್ ಕೈ ಅಂದ್ರೆ ಕೈ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೂ ಅದು ಕೇಳಲು ಹಿತವಾಗಿತ್ತು.

ಇನ್ನು ಓಬಕ್ಕಜ್ಜಿ. ಎಂಬತ್ತರ ಆಸುಪಾಸು, ಕಡ್ಡಿಯಂಥ ಮೈ, ಮೂಗಿನ ಎರಡೂ ಕಡೆ ಬೇಸರಿ. ಹುಟ್ಟಿದ್ದು ಗಡಿಯಾಚೆ, ರಾಯದುರ್ಗದ ಹತ್ತಿರದ ಹಳ್ಳಿಯಲ್ಲಿ. ಮೈನೆರೆಯುವ ಮುಂಚೆಯೇ ಮದುವೆಯಾಗಿ ಮೊಳಕಾಲ್ಮೂರಿಗೆ ಬಂದವಳು. ಗಂಡ ರೇಷ್ಮೆ ಸೀರೆ ನೇಯುತ್ತಿದ್ದ, ಇವಳು ಅವನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಮಕ್ಕಳಾಗಲಿಲ್ಲ, ಗಂಡ ಹೋದ, ಕಣ್ಣು ಮಂಜಾಯಿತು, ಅಕ್ಕನ ಮಗಳು ತಂದು ಇಲ್ಲಿ ಬಿಟ್ಟಳು. ಸುಮ್ಮನೆ ಕೂತಾಗಲೂ ಅವಳ ಬಲಗೈಯ ಹೆಬ್ಬೆರಳು ತೋರುಬೆರಳ ಮೇಲೆ ನೂಲು ಸುತ್ತಿದಂತೆ ತಿರುಗುತ್ತಲೇ ಇರುತ್ತಿತ್ತು. ಬಾಯಿಯೂ ಹಾಗೆಯೇ. ನಿಲ್ಲುತ್ತಿರಲಿಲ್ಲ.

ಆ ಬಾಯಿಗೆ ಸರಿಸಮ ಸಿಕ್ಕಿದ್ದವಳು ಅಡಿಗೆಯ ಶಾಂತವ್ವ. ರೋಣದ ಕಡೆಯ ಹೆಂಗಸು. ಗಂಡ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಲಾರಿ ಓಡಿಸುತ್ತಾನೆಂದು ಇಲ್ಲಿಗೆ ಬಂದು ನಾಲ್ಕು ವರ್ಷವಾಗಿದ್ದರೂ ತೆಲುಗಿನ ಒಂದಕ್ಷರ ಕಲಿತಿರಲಿಲ್ಲ. "ಒಂದ ಭಾಷಾದಾಗ ಬೈಸಿಕೊಳ್ಳೋದ ಸಾಕಾಗೇತ್ರಿ, ಇನ್ನೊಂದು ಯಾಕ?" ಅನ್ನುತ್ತಿದ್ದಳು. ನಮ್ಮ ಆಶ್ರಮದಲ್ಲಿ ಉಳಿದವರೆಲ್ಲ ಎರಡು ನಾಲಿಗೆಯವರೇ. ನಾನೂ ಅಷ್ಟೆ, ನಮ್ಮನೆಯಲ್ಲಿ ಅವ್ವನದು ತೆಲುಗು, ಅಪ್ಪನದು ಕನ್ನಡ. ಒಂದು ವಾಕ್ಯ ಇದರಲ್ಲಿ ಶುರುವಾಗಿ ಅದರಲ್ಲಿ ಮುಗಿದರೂ ಯಾರ ಲಕ್ಷ್ಯಕ್ಕೂ ಬಾರದು. ಓಬಕ್ಕಜ್ಜಿಯೊಬ್ಬಳೇ ಶಾಂತವ್ವ ಬಂದರೆ ಸಾಕು, ಎಲ್ಲರ ಬಾಯಿ ಕಟ್ಟುತ್ತಿದ್ದಳು. "ಏ, ಶಾಂತವ್ವ ಬಂದವ್ಳೆ, ಕನ್ನಡದಾಗೆ ಮಾತಾಡ್ರೇ. ಇಲ್ದಿದ್ರೆ ಅವಳ್ನೇ ಬೈಯ್ತಿದ್ದೀವಿ ಅಂದ್ಕಂತಾಳೆ" ಎಂದು ಹೇಳಿ, ಆಮೇಲೆ ತಾನೇ ಕನ್ನಡದಲ್ಲಿ ಬೈಯಲು ಶುರು ಮಾಡುವಳು. ಮುದ್ದೆ ಗಟ್ಟಿಯಾಯಿತು, ಸಾರು ನೀರಾಯಿತು, ನಿಮ್ಮ ಕಡೆಯವರಿಗೆ ಹುಣಸೆಹಣ್ಣಿನ ಬೆಲೆಯೇ ಗೊತ್ತಿಲ್ಲ. ಶಾಂತವ್ವ ಸೌಟು ಹಿಡಿದೇ ತಿರುಗಿ ಬೈಯುವಳು. ಇಬ್ಬರ ಜಗಳ ಕೇಳಿಕೊಂಡು ಉಳಿದವರಿಗೆ ಎರಡು ತುತ್ತು ಹೆಚ್ಚು ಇಳಿಯುತ್ತಿತ್ತು.

ಆ ವರ್ಷ ಆಷಾಢದ ಗಾಳಿ ವಿಪರೀತ. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆ ಹಗಲೆಲ್ಲ ತಿರುಗಿದ್ದೇ ತಿರುಗಿದ್ದು. ಒಣಹಾಕಿದ ಸೀರೆಗಳನ್ನು ಜಾಲಿಮುಳ್ಳಿನಿಂದ ಬಿಡಿಸಿಕೊಂಡು ಬರುವುದೇ ಆಯಾಗಳಿಗೆ ಒಂದು ಕೆಲಸ. ಅಂಥದೊಂದು ಮಧ್ಯಾಹ್ನ, ಕಿಟಕಿ ಪಕ್ಕ ಕೂತಿದ್ದ ಓಬಕ್ಕಜ್ಜಿಯ ತಲೆಗೆ ಮರದ ಕಿಟಕಿಬಾಗಿಲು ಧಡ್ ಎಂದು ಬಡಿಯಿತು. ಎಡಗಿವಿಯ ಮೇಲ್ಗಡೆ. ರಕ್ತ ಬರಲಿಲ್ಲ, ಅಡಿಕೆಯಷ್ಟು ಊತ. ಐಸ್ ಇಟ್ಟೆ, ಬಿಪಿ ನೋಡಿದೆ, ಕಣ್ಣಿಗೆ ಟಾರ್ಚ್ ಬಿಟ್ಟೆ. ಎಲ್ಲ ಸರಿ ಇತ್ತು. "ನನ್ ಗಂಡ ಹೊಡ್ದಿದ್ದಕ್ಕಿಂತ ಇದೇ ವಾಸಿ ಬಿಡಮ್ಮ" ಅಂದಳು ಅಜ್ಜಿ. ಎಲ್ಲರೂ ನಕ್ಕೆವು. ಎರಡು ದಿನಕ್ಕೆ ಊತ ಇಳಿಯಿತು, ನಾನೂ ಮರೆತೆ.

ಶ್ರಾವಣ ಬಂತು, ಗಾಳಿ ತಗ್ಗಿ ಹದವಾಗಿ ಎರಡು ಮಳೆಯಾಯಿತು. ಆಶ್ರಮದ ಸುತ್ತಲ ಹೊಲಗಳಲ್ಲಿ ಶೇಂಗಾ ಬಳ್ಳಿ ಹಳದಿ ಹೂ ಬಿಟ್ಟಿತು. ಹಿರಿಯರು ಹೊರಗೆ ಜಗಲಿಗೆ ಬಂದು ಕೂರತೊಡಗಿದರು. ಆ ದಿನಗಳಲ್ಲೇ ಶಾಂತವ್ವ ಒಂದು ಬೆಳಿಗ್ಗೆ ಮುಖ ಊದಿಸಿಕೊಂಡು ನನ್ನ ಕೋಣೆಗೆ ಬಂದಳು.

"ಸಿಸ್ಟರ್, ಓಬಕ್ಕಜ್ಜಿ ನನ್ನ ಮ್ಯಾಲೆ ಸಿಟ್ಟಾಗ್ಯಾಳ್ರಿ. ಮಾತಾಡವಲ್ಲಳು."

"ಆ ಬಾಯಿ ಮಾತಾಡದೇ ಇರುತ್ತಾ ಶಾಂತವ್ವ?"

"ಮಾತಾಡತಾಳ್ರಿ, ನನ್ನ ಕೂಡ ತೆಲುಗಿನಾಗ. ಏನಂತಾಳೊ ಏನೊ. ಆಯಾಗೋಳು ಕೇಳಿ ನಗತಾರ. ನಾಕು ವರ್ಷದಾಗ ಒಮ್ಮಿನೂ ಹಿಂಗ ಮಾಡಿದ್ದಿಲ್ಲ. ನಾ ಏನ ತಪ್ಪ ಮಾಡೀನಿ, ಕೇಳ್ರಿ ನೀವು."

ನಾನು ನಕ್ಕುಬಿಟ್ಟೆ. ಮುದ್ದೆಗೋ ಸಾರಿಗೋ ಶುರುವಾದ ಜಗಳ ಈ ಸಲ ಸ್ವಲ್ಪ ಜೋರಾಗಿದೆ, ಅಷ್ಟೆ ಅಂದುಕೊಂಡೆ. ಆದರೂ ಹೋಗಿ ಅಜ್ಜಿಯನ್ನು ವಿಚಾರಿಸಿದೆ. ವಿಚಾರಿಸಿದ್ದು ಯಾವ ಭಾಷೆಯಲ್ಲಿ ಎಂಬುದು ಆಗ ನನಗೂ ಗೊತ್ತಾಗಲಿಲ್ಲ. ಅವಳು ತೆಲುಗಿನಲ್ಲಿ ಏನೋ ಅಂದಳು, ನಾನು ತೆಲುಗಿನಲ್ಲಿ ಏನೋ ಕೇಳಿದೆ, ಯಾರ ಮೇಲೂ ಸಿಟ್ಟಿಲ್ಲ ಎಂದು ತಲೆಯಾಡಿಸಿ ನನ್ನ ಕೆನ್ನೆ ಸವರಿದಳು. ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮರುದಿನ ಸೋಮವಾರ, ತಿಂಗಳ ಫಾರಂ ತುಂಬುವ ದಿನ. ಓಬಕ್ಕಜ್ಜಿ: ತೂಕ ಅಷ್ಟೇ, ಬಿಪಿ ಅಷ್ಟೇ, ಊಟ ಪರವಾಗಿಲ್ಲ. ಬಲಗಾಲಿನ ಚಪ್ಪಲಿ ನಡೆಯುವಾಗ ಜಾರಿ ಬೀಳುತ್ತದೆಂದು ಆಯಾ ವಸಂತ ಹೇಳಿದಳು. ಹಳೇ ಚಪ್ಪಲಿ ಸಡಿಲಾಗಿದೆ, ಹಿಂದೆ ಪಟ್ಟಿ ಇರುವ ಹೊಸದು ತರಿಸೋಣ ಅಂದೆ. ಮಾತು: ಸ್ಪಷ್ಟ. ನೆನಪು: ಗಂಡನ ಹೆಸರು ಕೇಳಿದೆ, ನಾಚಿಕೊಂಡು ಸುತ್ತಿ ಬಳಸಿ ಹೇಳಿದಳು. ಊರು ಕೇಳಿದೆ, ಹೇಳಿದಳು. ಎಲ್ಲವನ್ನೂ ತೆಲುಗಿನಲ್ಲಿ ಕೇಳಿ, ತೆಲುಗಿನಲ್ಲೇ ಕೇಳಿಸಿಕೊಂಡು, ಕನ್ನಡದಲ್ಲಿ ಬರೆದೆ. ಬದಲಾವಣೆ: ಇಲ್ಲ.

ಗುರುವಾರ ಬೆಳಗಿನ ತಿಂಡಿ ಮುಗಿದ ಮೇಲೆ ಶಾಂತವ್ವ ಮತ್ತೆ ಬಂದಳು. ಈ ಸಲ ಮುಖ ಊದಿರಲಿಲ್ಲ. ಅಂಜಿದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಳು.

"ಸಿಸ್ಟರ್, ಆಕಿ ಸಿಟ್ಟಾಗಿಲ್ರಿ."

"ನಾನು ಹೇಳ್ಲಿಲ್ವಾ?"

"ಹಂಗಲ್ರಿ. ಸಿಟ್ಟಾದೋರು ಮಾರಿ ತಿರುವತಾರ. ಆಕಿ ನನ್ನ ಬಾಯಿ ನೋಡತಾಳ್ರಿ. ನಾ ಮಾತಾಡಿದ್ರ ನನ್ನ ಬಾಯಿನ ನೋಡ್ಕೋತ ಕುಂದ್ರತಾಳ, ಕಣ್ಣ ನೋಡಂಗಿಲ್ಲ. ನಿಮ್ಮ ಮಂದಿ ತೆಲುಗಿನಾಗ ಮಾತಾಡೋವಾಗ ನಾ ಹಂಗ ನೋಡತೀನಲ್ರಿ, ಏನೂ ತಿಳೀದ? ಹಂಗ ನೋಡತಾಳ."

ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ.

ಜಗಲಿಯಲ್ಲಿ ಓಬಕ್ಕಜ್ಜಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ವಸಂತಳಿಗೆ ಬಾಯಿ ಬಿಡಬೇಡ ಎಂದು ಸನ್ನೆ ಮಾಡಿ ನಾನು ಅಜ್ಜಿಯ ಎದುರು ಕುಕ್ಕರುಗಾಲಲ್ಲಿ ಕೂತೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ, ಸನ್ನೆಯಿಂದ ಅರ್ಥ ಮಾಡಿಕೊಳ್ಳಬಾರದೆಂದು. ನಂತರ ಬಿಡಿಬಿಡಿಯಾಗಿ, ಬರೀ ಕನ್ನಡದಲ್ಲಿ, "ಅಜ್ಜಿ, ನೀರು ಬೇಕಾ?" ಅಂದೆ.

ಅಜ್ಜಿ ನಕ್ಕಳು. ಅವಳ ಮಂಜು ಕಣ್ಣು ನನ್ನ ಕಣ್ಣಿನಿಂದ ಜಾರಿ ಬಾಯಿಗೆ ಬಂದು ನಿಂತಿತು.

"ಏಮಂಟಾವಮ್ಮಾ?" ಅಂದಳು. ಏನಂತೀಯಮ್ಮ?

ನೀರು, ಊಟ, ಬಿಸಿಲು, ಕೈ, ಕಾಲು. ಒಂದೊಂದೇ ಪದ ಹೇಳುತ್ತಾ ಹೋದೆ. ಅರವತ್ತು ವರ್ಷ ಮೊಳಕಾಲ್ಮೂರಿನ ಮಗ್ಗದ ಕೇರಿಯಲ್ಲಿ ಕನ್ನಡವಾಡಿದವಳು ಒಂದೊಂದಕ್ಕೂ ಮರ್ಯಾದೆಯಿಂದ ನಗುತ್ತಿದ್ದಳು, ಪರವೂರಿನ ನೆಂಟರ ಮುಂದೆ ಕೂತವರಂತೆ. ತೆಲುಗಿನಲ್ಲಿ "ನೀಳ್ಳು ಕಾವಾಲಾ?" ಅಂದ ತಕ್ಷಣ ಮುಖ ಅರಳಿತು. ಬೇಡ, ಈಗ ತಾನೇ ಕುಡಿದೆ ಎಂದು ತೆಲುಗಿನಲ್ಲಿ ಪಟಪಟ ಹೇಳಿದಳು. ಅವಳ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನೂಲು ಸುತ್ತುವ ಹೆಬ್ಬೆರಳು ಅಲ್ಲಾಡುತ್ತಿರಲಿಲ್ಲ. ಅದು ಯಾವತ್ತು ನಿಂತಿತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ದಿನಾ ನೋಡಿದ್ದೆ, ಒಂದು ದಿನವೂ ನೋಡಿರಲಿಲ್ಲ.

ಮೇಷ್ಟ್ರ ಹತ್ತಿರ ಓಡಿದೆ. ತಕ್ಷಣ ದಾವಣಗೆರೆಗೆ ಕರೆದೊಯ್ಯಬೇಕು, ತಲೆಯ ಸ್ಕ್ಯಾನ್ ಆಗಬೇಕು ಅಂದೆ. ಅವರು ಒಳ್ಳೆಯವರೇ, ಆದರೆ ಎಲ್ಲಕ್ಕೂ ಕಾಗದ ನೋಡುವ ಮನುಷ್ಯ. ಸೋಮವಾರದ ಫಾರಂ ಹುಡುಕಿ ತೆಗೆದು ನನ್ನ ಮುಂದೆ ಹಿಡಿದರು.

"ಸಿಸ್ಟರ್, ಮೂರು ದಿನದ ಹಿಂದೆ ನೀವೇ ಬರ್ದಿದ್ದೀರಿ. ಬದಲಾವಣೆ ಇಲ್ಲ ಅಂತ ಐತೆ, ಸೈನ್ ಐತೆ. ಅಜ್ಜಿ ತೆಲುಗು ಮಾತಾಡ್ತಾಳೆ ಅಂತ ನೂರು ಕಿಲೋಮೀಟರ್ ಕರ್ಕೊಂಡು ಹೋಗ್ತೀರಾ? ನಮ್ಮೂರಾಗೆ ಯಾರು ತೆಲುಗು ಮಾತಾಡಲ್ಲ ಹೇಳ್ರಿ."

ನನ್ನ ಅಕ್ಷರ ನನ್ನನ್ನೇ ದಿಟ್ಟಿಸುತ್ತಿತ್ತು. ಏನಾದರೂ ನೆಪ ಹೇಳಬಹುದಿತ್ತು. ಸೋಮವಾರ ಸರಿ ಇದ್ದಳು, ಆಮೇಲೆ ಹೀಗಾಯಿತು ಅನ್ನಬಹುದಿತ್ತು. ನಾಲಿಗೆಯ ತುದಿವರೆಗೆ ಬಂದಿತ್ತು ಕೂಡ. ಶಾಂತವ್ವ ಬಾಗಿಲಲ್ಲಿ ನಿಂತಿದ್ದಳು, ಅದಕ್ಕೇ ಇರಬೇಕು, ಸುಳ್ಳು ಹೊರಬರಲಿಲ್ಲ.

"ಸೋಮವಾರನೂ ಹಿಂಗೇ ಇದ್ಲು ಸಾರ್. ನಾನು ನೋಡ್ಲಿಲ್ಲ. ನೋಡಿದ್ದು ಶಾಂತವ್ವ. ಆ ಫಾರಂ ತಪ್ಪು."

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ಒಮ್ಮೆ, ಶಾಂತವ್ವನನ್ನು ಒಮ್ಮೆ ನೋಡಿದರು. ನಲವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವರಿಗೆ, ತಪ್ಪು ಬರೆದೆನೆಂದು ತಾನಾಗಿ ಒಪ್ಪಿಕೊಂಡು ಬರುವವರು ಎಷ್ಟು ಅಪರೂಪವೆಂದು ಗೊತ್ತಿತ್ತೋ ಏನೋ. ಮರುಮಾತಿಲ್ಲದೆ ಗಾಡಿಗೆ ಫೋನ್ ಮಾಡಿದರು. ರಾಯದುರ್ಗದಲ್ಲಿದ್ದ ಅಜ್ಜಿಯ ಅಕ್ಕನ ಮಗಳಿಗೂ ಅವರೇ ಹೇಳಿ, ನೇರ ದಾವಣಗೆರೆಗೆ ಬರುವಂತೆ ಮಾಡಿದರು.

ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಸ್ಕ್ಯಾನಿಗೆ ಕಳಿಸುವ ಮುಂಚೆ ಅಜ್ಜಿಯ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಕಣ್ಣು ಮುಚ್ಚಿಸಿದರು. ಬಲಗೈ ಮೆಲ್ಲಗೆ ಕೆಳಗಿಳಿಯಿತು, ಅಜ್ಜಿಗೆ ಗೊತ್ತೇ ಆಗದಂತೆ. ನಂತರ ನನ್ನ ಕಡೆ ತಿರುಗಿ ಎರಡೇ ಪ್ರಶ್ನೆ ಕೇಳಿದರು. ಒಂದೆರಡು ತಿಂಗಳ ಹಿಂದೆ ತಲೆಗೆ ಪೆಟ್ಟಾಗಿತ್ತಾ? ಬಲಗಾಲಿನ ಚಪ್ಪಲಿ ಜಾರುತ್ತಿತ್ತಾ?

ಅವರು ನಮ್ಮ ಜಗಲಿಯಲ್ಲಿ ಕೂತು ಎಲ್ಲ ನೋಡಿದ್ದರೇನೋ ಎನಿಸಿತು. ಹೌದು ಮೇಡಂ, ಹೌದು ಅಂದೆ. ಚಪ್ಪಲಿ ಸಡಿಲವೆಂದು ಹೊಸ ಚಪ್ಪಲಿ ತರಿಸಲು ಹೇಳಿದ್ದನ್ನು ಮಾತ್ರ ನುಂಗಿಕೊಂಡೆ.

ಸ್ಕ್ಯಾನಿನಲ್ಲಿ ಕಂಡಿತು. ಆಷಾಢದ ಆ ಪೆಟ್ಟಿಗೆ ತಲೆಬುರುಡೆಯ ಒಳಗೆ, ಎಡಭಾಗದಲ್ಲಿ, ಎಲ್ಲೋ ಒಂದು ಸಣ್ಣ ನಾಳ ಒಡೆದು ಹನಿಹನಿಯಾಗಿ ರಕ್ತ ಜಿನುಗಿತ್ತು. ಆರು ವಾರದಲ್ಲಿ ಅದು ಒಂದು ಪದರವಾಗಿ ನಿಂತು ಮಿದುಳನ್ನು ಪಕ್ಕಕ್ಕೆ ಒತ್ತುತ್ತಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಎಂದು ಡಾಕ್ಟರಮ್ಮ ಹೇಳಲು ಹೊರಟು, ಅಕ್ಕನ ಮಗಳ ಮುಖ ನೋಡಿ ನಿಲ್ಲಿಸಿದರು. ಆವತ್ತು ಸಂಜೆಯೊಳಗೆ ಬುರುಡೆಗೆ ಎರಡು ಸಣ್ಣ ತೂತು ಕೊರೆದು ರಕ್ತ ಹೊರಗೆ ಹರಿಸಿದರು.

"ಭಾಷೆ ಹೋಗಿದ್ದು ಹೇಗೆ ಮೇಡಂ? ಒಂದು ಹೋಗಿ ಒಂದು ಉಳಿದದ್ದು ಹೇಗೆ?" ಎಂದು ಕೇಳಿದೆ. ನಾನೂ ಓದಿದವಳೇ, ಆದರೆ ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅವರು ಹೇಳಿದ್ದು ಇಷ್ಟು: ಎಡಗಡೆಯ ಮಿದುಳಿನಲ್ಲಿ ಮಾತಿನ ಜಾಗ ಇರುತ್ತದೆ. ಅಲ್ಲಿ ಒತ್ತಡ ಬಿದ್ದರೆ ಕೆಲವರಿಗೆ ತೊಟ್ಟಿಲಲ್ಲಿ ಕೇಳಿದ ಭಾಷೆ ಉಳಿದು ಆಮೇಲೆ ಕಲಿತದ್ದು ಹೋಗುತ್ತದೆ. ಕೆಲವರಿಗೆ ಎರಡೂ ಹೋಗುತ್ತವೆ. ಕೆಲವರಿಗೆ ತಿರುಗಮುರುಗ. "ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ ಸಿಸ್ಟರ್. ವಾಪಸ್ ಬರುತ್ತಾ ಅಂತಲೂ ಹೇಳೋಕಾಗಲ್ಲ."

ಆ ಕಾರಿಡಾರಿನಲ್ಲಿ ಕೂತು ನಾನು ಬೆರಗಾದಷ್ಟು ಜೀವನದಲ್ಲಿ ಯಾವತ್ತೂ ಆಗಿಲ್ಲ. ಅರವತ್ತು ವರ್ಷ! ಸೀರೆ ಸಾಹುಕಾರರ ಜೊತೆ ವಾದ ಮಾಡಿದ್ದು, ಕೊಳಾಯಿಯ ಮುಂದೆ ಜಗಳ ಆಡಿದ್ದು, ಗಂಡನ ಹೆಣದ ಮುಂದೆ ಕೂತು ಅತ್ತದ್ದು, ಎಲ್ಲ ಕನ್ನಡದಲ್ಲಿ. ಅಷ್ಟು ದೊಡ್ಡ ಬದುಕು ಬೊಗಸೆಗೂ ಕಡಿಮೆ ರಕ್ತದ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅದರ ಕೆಳಗಿನಿಂದ ರಾಯದುರ್ಗದ ಹಳ್ಳಿಯ ಏಳೆಂಟು ವರ್ಷದ ಹುಡುಗಿಯ ಮಾತು ಮಾತ್ರ ತಣ್ಣಗೆ ಹೊರಬರುತ್ತಿತ್ತು. ಮನುಷ್ಯರ ತಲೆ ಎಂಬುದು ಇಷ್ಟು ಕೋಣೆಗಳ ಮನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇದಕ್ಕಿಂತ ದೊಡ್ಡ ಆಶ್ಚರ್ಯ ಶಾಂತವ್ವ. ಎರಡು ಭಾಷೆ ಬಲ್ಲ ನಾವಿಷ್ಟು ಜನ ಕುರುಡರಾಗಿದ್ದೆವು, ಬರೀ ಒಂದೇ ಬಲ್ಲವಳಿಗೆ ಕಂಡಿತು. ತನ್ನ ಪಾಲಿನ ಮಾತು ನಿಂತುಹೋದದ್ದು ಅವಳಿಗೊಬ್ಬಳಿಗೇ ನಷ್ಟವಾಗಿತ್ತು.

ಎರಡು ವಾರಕ್ಕೆ ಓಬಕ್ಕಜ್ಜಿ ವಾಪಸ್ ಬಂದಳು, ಬೋಳಿಸಿದ ತಲೆಗೆ ಹತ್ತಿಯ ಟೋಪಿ ಹಾಕಿಕೊಂಡು. ಬಲಗಾಲು ಸರಿಯಾಗಿ ಎತ್ತಿಡುತ್ತಿದ್ದಳು. ಗಣಪತಿ ಹಬ್ಬದ ಹೊತ್ತಿಗೆ ಹೆಬ್ಬೆರಳು ಮತ್ತೆ ಇಲ್ಲದ ನೂಲನ್ನು ಸುತ್ತತೊಡಗಿತು. ಕನ್ನಡ ಮಾತ್ರ ಬರಲಿಲ್ಲ. ಶಾಂತವ್ವ ದಿನಾ ಊಟ ಬಡಿಸುವಾಗ ಕನ್ನಡದಲ್ಲಿ ಮಾತಾಡಿಸುವಳು, ಅಜ್ಜಿ ಬಾಯಿ ನೋಡುವಳು. ಶಾಂತವ್ವ ಒಳಗೆ ಹೋಗಿ ಒಲೆಯ ಮುಂದೆ ಕೂರುವಳು. ಒಂದು ದಿನ ಹೋಗಿ ಸಮಾಧಾನ ಹೇಳಲು ನೋಡಿದೆ.

"ಜೀವ ಉಳೀತಲ್ಲ ಶಾಂತವ್ವ. ಅದು ನಿನ್ನಿಂದ."

"ಜೀವ ಉಳೀತ್ರಿ ಸಿಸ್ಟರ್. ಆದ್ರ ನನ್ನ ಓಬಕ್ಕ ಎಲ್ಲಿ ಅದಾಳ? ಈ ಊರಾಗ ನನಗಂತ ಮಾತಾಡಾಕಿ ಆಕಿ ಒಬ್ಬಾಕಿನ ಇದ್ದಳ್ರಿ."

ಅಷ್ಟು ಹೇಳಿ ಒಲೆಯ ಕಡೆ ತಿರುಗಿದಳು.

ಆ ತಿಂಗಳಿಂದ ನನ್ನ ಫಾರಂ ತುಂಬುವ ಕೆಲಸ ಮತ್ತೆ ಮೂರು ದಿನಕ್ಕೆ ಹೋಯಿತು. ನೇರವಾಗಿ ಹಿರಿಯರ ಹತ್ತಿರ ಹೋಗಿ ಶುರು ಮಾಡುವುದನ್ನು ಬಿಟ್ಟೆ. ಮೊದಲು ಅಡಿಗೆಮನೆಗೆ ಹೋಗಿ ಶಾಂತವ್ವನನ್ನು ಕೇಳುತ್ತಿದ್ದೆ, ಬಟ್ಟೆ ಒಗೆಯುವ ವಸಂತಳನ್ನು ಕೇಳುತ್ತಿದ್ದೆ, ಕಸ ಗುಡಿಸುವವಳನ್ನೂ ಕೇಳುತ್ತಿದ್ದೆ: ಯಾರಾದರೂ ಯಾಕೋ ಎಂದಿನಂತಿಲ್ಲ ಅನಿಸಿತಾ? ಮೊದಮೊದಲು ಅವರಿಗೆ ನಗು. ಆಮೇಲೆ ಶುರುವಾಯಿತು. ನಮ್ಮಲ್ಲಿ ತಿಪ್ಪೇಸ್ವಾಮಿ ತಾತ ಎಂದು ಒಬ್ಬ ಇದ್ದ, ಹಳೇ ಬಸ್ ಕಂಡಕ್ಟರ್. ಊಟಕ್ಕೆ ಕೂತ ಕೂಡಲೇ ಎಲ್ಲರ ತಲೆ ಎಣಿಸಿ "ಇಪ್ಪತ್ತೆರಡು, ರೈಟ್!" ಎಂದು ಕೂಗದೆ ತುತ್ತು ಎತ್ತುತ್ತಿರಲಿಲ್ಲ. ತನ್ನ ಬಿಪಿಯ ಬಗ್ಗೆ ಅವನಿಗೆ ವಿಪರೀತ ಭಯ. ಒಂದು ಮಧ್ಯಾಹ್ನ ಅವನು ಎಣಿಸದೆ ಊಟಕ್ಕೆ ಶುರು ಮಾಡಿದನೆಂದು ಕಸ ಗುಡಿಸುವವಳು ಬಂದು ಹೇಳಿದಳು. ಜ್ವರ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಮೊದಲಿನ ನಾನಾಗಿದ್ದರೆ ನಕ್ಕು ಕಳಿಸುತ್ತಿದ್ದೆ. ಅಂದೇ ಚಳ್ಳಕೆರೆಗೆ ಕರೆದೊಯ್ದರೆ ಶ್ವಾಸಕೋಶದಲ್ಲಿ ನ್ಯುಮೋನಿಯಾ ಶುರುವಾಗಿತ್ತು. ಹತ್ತು ದಿನಕ್ಕೆ ಗುಣವಾಗಿ ಬಂದು ಮತ್ತೆ ಎಣಿಸತೊಡಗಿದ. ಮೈ ಎನ್ನುವುದು ಒಳಗಿನ ಸುದ್ದಿಯನ್ನು ಹೊರಗೆ ಎಷ್ಟು ಸಣ್ಣ ಬಾಯಲ್ಲಿ ಹೇಳುತ್ತದೆ! ಅದು ಎಂದೂ ಮೋಸ ಮಾಡುವುದಿಲ್ಲ, ಕೇಳುವವರು ಬೇಕು. ಕೆಲವು ದಿನ ಊಟದ ಹಾಲಿನಲ್ಲಿ ಸುಮ್ಮನೆ ನಿಂತು ಆ ಇಪ್ಪತ್ತೆರಡು ಮಂದಿಯನ್ನು ನೋಡುವಾಗ ನನಗೆ ಕೈಮುಗಿಯುವಂತಾಗುತ್ತಿತ್ತು. ಒಬ್ಬೊಬ್ಬರಲ್ಲೂ ಅವರದೇ ಎಂಬ ಎಷ್ಟು ಚಿಕ್ಕ ಚಿಕ್ಕ ವರಸೆಗಳು, ಎಷ್ಟು ವರ್ಷಗಳಿಂದ!

ಶಾಂತವ್ವ ಸುಮ್ಮನೆ ಕೂರುವವಳಲ್ಲ. ದಸರಾ ಮುಗಿಯುವ ಹೊತ್ತಿಗೆ ವಸಂತಳ ಹಿಂದೆ ಬಿದ್ದು ತೆಲುಗು ಕಲಿಯಲು ಹೊರಟಳು. "ಆಕಿ ನನ್ನ ಮಾತಿಗೆ ಬರವಲ್ಲಳು. ನಾನ ಆಕಿ ಮಾತಿಗೆ ಹೋಗತೀನ್ರಿ" ಅಂದಳು. ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು, ಸೌಟು ತಿರುಗಿಸುತ್ತ ಬಾಯಿಪಾಠ ಮಾಡುವಳು. ಅವಳ ತೆಲುಗೋ, ಆ ದೇವರಿಗೇ ಪ್ರೀತಿ. ರೋಣದ ರಾಗದಲ್ಲಿ ಎಳೆದು ಅವಳು "ಬುವ್ವ ತಿಂಟಾವಾ?" ಎಂದು ಊಟಕ್ಕೆ ಕರೆದರೆ ಇಡೀ ಹಾಲ್ ಬಿದ್ದು ಬಿದ್ದು ನಗುತ್ತಿತ್ತು. ಅವಳಿಗೆ ಅದರ ಖಬರಿಲ್ಲ. ಓಬಕ್ಕಜ್ಜಿಗೆ ತಿಳಿದರೆ ಸಾಕಿತ್ತು. ಅಜ್ಜಿ ತಿಳಿದುಕೊಂಡು ತೆಲುಗಿನಲ್ಲಿ ಉತ್ತರ ಕೊಟ್ಟರೆ ಅದು ಇವಳಿಗೆ ತಿಳಿಯುತ್ತಿರಲಿಲ್ಲ, ಆದರೂ ತಿಳಿದವಳಂತೆ ತಲೆಯಾಡಿಸಿ ಖುಷಿಯಾಗಿ ಹೋಗುವಳು.

ಕಾರ್ತಿಕದ ಒಂದು ಮಧ್ಯಾಹ್ನ. ಹೊಲದಲ್ಲಿ ಶೇಂಗಾ ಕಿತ್ತು ಒಟ್ಟಿದ್ದರು, ಹಸಿ ಕಾಯಿಯ ವಾಸನೆ ಹಾಲಿನವರೆಗೂ ಬರುತ್ತಿತ್ತು. ಎಲ್ಲರೂ ಊಟಕ್ಕೆ ಕೂತಿದ್ದರು. ತಿಪ್ಪೇಸ್ವಾಮಿ ತಾತ ತಲೆ ಸುತ್ತುತ್ತದೆ ಅಂದನೆಂದು ನಾನು ಅವನ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುತ್ತಿದ್ದೆ. ಶಾಂತವ್ವ ಮುದ್ದೆಯ ತಟ್ಟೆ ಹಿಡಿದು ಓಬಕ್ಕಜ್ಜಿಯ ಮುಂದೆ ನಿಂತು, ಹೊಸದಾಗಿ ಕಲಿತ ನಾಲ್ಕು ತೆಲುಗು ವಾಕ್ಯವನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಎಲ್ಲರೂ ಗೊಳ್ಳೆಂದರು. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು.

"ಸಾಕು ಬಿಡೇ ನಮ್ಮವ್ವ, ನಿನ್ನ ತೆಲುಗು ಕೇಳಕ್ಕಾಗಲ್ಲ. ಮುದ್ದೆ ಹಾಕು, ತಿಂತೀನಿ."

ಶಾಂತವ್ವ ಸೊಂಟದ ಮೇಲೆ ಕೈಯಿಟ್ಟಳು. "ಹೌದವಾ! ನಿನಗಂತ ನಾ ಇಲ್ಲೆ ಒದ್ದಾಡಾಕತ್ತೀನಿ, ನಿನಗ ನಗಿ. ತಿನ್ನು, ತಿನ್ನು."

"ತಿಂತೀನಿ, ಗಟ್ಟಿ ಮಾಡಿದ್ರೆ ಹೆಂಗೆ ತಿನ್ಲಿ?"

"ಹಲ್ಲಿಲ್ಲದಾಕಿಗೆ ಎಲ್ಲಾನೂ ಗಟ್ಟಿ!"

ಹಾಲಿನಲ್ಲಿ ನಗು ನಿಲ್ಲಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ವಸಂತ ಸಾರು ಬಡಿಸುತ್ತಾ ಮುಂದೆ ಹೋದಳು. ಶಾಂತವ್ವನಿಗೂ ಗೊತ್ತಾಗಲಿಲ್ಲ, ಬೈಗುಳಕ್ಕೆ ಬೈಗುಳ ಕೊಡುವ ಭರದಲ್ಲಿ ಅಜ್ಜಿ ಆಡುತ್ತಿರುವುದು ತನ್ನ ಮಾತೇ ಎಂದು ಅವಳಿಗೆ ಹೊಳೆಯಲಿಲ್ಲ. ತಾತನ ತೋಳಿನ ಬಿಪಿ ಪಟ್ಟಿಯ ಗಾಳಿ ಸುಯ್ ಎಂದು ಇಳಿದುಹೋಯಿತು. ಮುಳ್ಳು ಎಲ್ಲಿ ನಿಂತಿತೆಂದು ನೋಡಲು ಕಣ್ಣು ಕಾಣಿಸಲಿಲ್ಲ.

ತಾತ ನನ್ನ ಮುಖ ನೋಡಿ ಬೆದರಿದ. "ಯಾಕ್ ತಾಯಿ, ಅಳ್ತೀಯಾ? ನನ್ ಬಿಪಿ ಅಷ್ಟೊಂದು ಏರೈತಾ?"

"ಇಲ್ಲ ತಾತ. ಅಲ್ಲಿ ನೋಡ್ರಿ" ಎಂದು ಬೆರಳು ಮಾಡಿದೆ.

ತಾತ ಕನ್ನಡಕ ಸರಿ ಮಾಡಿಕೊಂಡು ನೋಡಿದ. ಅಲ್ಲಿ ಇಬ್ಬರು ಹೆಂಗಸರು ಒಂದು ಮುದ್ದೆಗಾಗಿ ಕನ್ನಡದಲ್ಲಿ ಜಗಳ ಆಡುತ್ತಿದ್ದರು.

"ಅಲ್ಲೇನೈತೆ?" ಅಂದ ತಾತ. "ಅದು ದಿನಾ ಇರೋದೇ ಅಲ್ವಾ."